ಮಗ್ಗದ ಗುಂಡಿಯ ಚಿಗಟ

ಚಿಗಟ ಹಾರುವುದನ್ನು ನೀವೆಲ್ಲ ನೋಡಿರಬಹುದು. ಕೂತಿರುವುದನ್ನು ಸಾವಧಾನವಾಗಿ ನೋಡಿದವರು ನಮ್ಮ ಸೀಮೆಯಲ್ಲಿ ಇಬ್ಬರೇ. ಒಬ್ಬ ನಾನು, ಇನ್ನೊಂದು ಬೆಕ್ಕು. ಬೆಕ್ಕು ಬರೆಯುವುದಿಲ್ಲವಾದ್ದರಿಂದ ನಾನೇ ಬರೆಯಬೇಕಾಗಿದೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಹಳ್ಳಿಯೊಂದರ ದನದ ದವಾಖಾನೆಯಲ್ಲಿ ನಾನು ಕಂಪೌಂಡರ್. ಡಾಕ್ಟರಿಗೆ ಎರಡು ಊರಿನ ಚಾರ್ಜು. ನಮ್ಮಲ್ಲಿಗೆ ವಾರಕ್ಕೆ ಎರಡೇ ದಿನ ಬರುತ್ತಿದ್ದರು. ಉಳಿದ ಐದು ದಿನ ಡಾಕ್ಟರು ಯಾರೆಂದು ಊರಿನ ಎಮ್ಮೆಗಳನ್ನು ಕೇಳಿದ್ದರೆ ನನ್ನ ಕಡೆಗೇ ಕೋಡು ತೋರಿಸುತ್ತಿದ್ದವು. ಆಗ ನನಗೊಂದು ಮೀಸೆಯೂ ಇತ್ತು. ಎರಡು ತುದಿಗೂ ಒಂದೊಂದು ನಿಂಬೆಹಣ್ಣು ನಿಲ್ಲಿಸಬಹುದಿತ್ತು. ಸುಳ್ಳಲ್ಲ, ನಿಲ್ಲಿಸಿ ತೋರಿಸಿದ್ದೆ.

ಒಂದು ಬೆಳಿಗ್ಗೆ ಕಂಬಳಿ ನೇಯುವವರ ಮನೆಯ ಯಜಮಾನತಿ ಬುಟ್ಟಿ ಹೊತ್ತುಕೊಂಡು ಬಂದಳು. ಬುಟ್ಟಿಯ ಬಾಯಿಗೆ ಹಳೆ ಸೀರೆ ಕಟ್ಟಿತ್ತು. ಒಳಗಿಂದ ಗುರ್ ಎನ್ನುತ್ತಿತ್ತು.

"ಕಂಪೌಂಡರಪ್ಪ, ಇದಕ್ಕೊಂದು ಸೂಜಿ ಹಾಕಿ ಮಲಗಿಸಿಬಿಡು. ಕಣ್ಣಿಂದ ನೋಡಾಕ ನನ್ನ ಕೈಲಿ ಆಗಂಗಿಲ್ಲ. ನಾ ಹೊರಗ ಕುಂದರ್ತೀನಿ."

"ಏನ್ ತಪ್ಪು ಮಾಡೈತಬೇ? ಹಾಲು ಕುಡೀತೇನು?"

"ಹಾಲು ಕುಡಿದಿದ್ರ ಕುಡೀಲಿ ಬಿಡು ಅಂತಿದ್ದೆ. ಮನಿ ತುಂಬ ಚಿಗಟ ಆಗ್ಯಾವು. ಮಮ್ಮಗನ ಕಾಲು ನೋಡಿದ್ರ ನಿನ್ನ ಹೊಟ್ಟಿ ಉರೀತಿತ್ತು."

ಸಂಗತಿ ಹೀಗಿತ್ತು. ಸೊಸೆ ಬಾಣಂತನ ಮುಗಿಸಿಕೊಂಡು ತಂಬ್ರಹಳ್ಳಿಯ ತವರಿನಿಂದ ಐದು ತಿಂಗಳ ಕೂಸಿನೊಂದಿಗೆ ಬಂದಿದ್ದಳು. ಎಂಟೇ ದಿನದಲ್ಲಿ ಕೂಸಿನ ಕಾಲು, ತೊಡೆ, ಬೆನ್ನಿನ ಮೇಲೆಲ್ಲ ಕೆಂಪು ಗಂದೆ. ಕೂಸು ಕೆರೆದುಕೊಳ್ಳಲೂ ಬಾರದೆ ಅಳುತ್ತಿತ್ತು. ನೋಡಲು ಬಂದ ಬೀಗರು ಮಗಳನ್ನೂ ಮೊಮ್ಮಗನನ್ನೂ ಮುಂದಿನ ಬಸ್ಸಿಗೇ ಹತ್ತಿಸಿಕೊಂಡು ಹೋಗಿದ್ದರು. ಚಿಗಟ ಹೋಗುವವರೆಗೆ ಕೂಸನ್ನು ಕಳಿಸುವುದಿಲ್ಲ ಎಂದು ಹೊಸ್ತಿಲ ಹೊರಗೆ ನಿಂತು ಹೇಳಿದ್ದರಂತೆ. ಮಗ ಕುರಿ ಹೊಡೆದುಕೊಂಡು ಹೊರಸೀಮೆಗೆ ಹೋಗಿದ್ದ. ಅವನು ತಿರುಗಿ ಬರುವಷ್ಟರಲ್ಲಿ ಹೆಂಡತಿ ಮಗು ಮನೆಯಲ್ಲಿ ಇರದಿದ್ದರೆ ಏನು ಉತ್ತರ ಕೊಡುವುದೆಂದು ಮುದುಕಿಗೆ ಚಿಂತೆ. ಬೆಕ್ಕು ಹೋದರೆ ಚಿಗಟ ಹೋಗುತ್ತದೆ ಎಂದು ಯಜಮಾನ ತೀರ್ಮಾನ ಮಾಡಿದ್ದ.

"ನಾಕು ಮರಿ ಅದಾವಪ್ಪ. ಮೊನ್ನಿ ಕಣ್ಣು ಬಿಟ್ಟಾವು," ಎಂದಳು. "ಸೂಜಿ ಬ್ಯಾಡಂದ್ರ ಪುಡಿ ಹಾಕ್ತೀನಿ ಅಂತಾನ ನಮ್ಮ ಯಜಮಾನ. ಸೇಂಗಾ ಬೆಳಿಗೆ ಹೊಡಿಯೋ ಬಿ.ಎಚ್.ಸಿ. ಪುಡಿ ತಂದಿಟ್ಟಾನ. ಬೆಕ್ಕಿಗೂ ಹಚ್ಚಿ ಮನಿಗೂ ಉಗ್ಗಿಬಿಡ್ತಾನಂತ."

ಆ ಪುಡಿಯ ಹೆಸರು ಕೇಳಿದ ಕೂಡಲೇ ನನ್ನ ಚೇಷ್ಟೆ ಅಡಗಿತು. ಅದರ ಹಿಂದಿನ ವರ್ಷ ಒಬ್ಬ ಮೇಷ್ಟ್ರ ಬೆಕ್ಕಿಗೆ ನಾನೇ ನನ್ನ ಕೈಯಾರೆ ಅದೇ ಪುಡಿ ಹಚ್ಚಿದ್ದೆ. ಎಮ್ಮೆಗೆ ಹಚ್ಚಿದ್ದೆ, ಏನೂ ಆಗಿರಲಿಲ್ಲ. ಬೆಕ್ಕಿಗೇನು ಎಂದುಕೊಂಡಿದ್ದೆ. ಎಮ್ಮೆ ತನ್ನ ಮೈಯನ್ನೆಲ್ಲ ನೆಕ್ಕಿಕೊಳ್ಳುವುದಿಲ್ಲ, ಬೆಕ್ಕು ನೆಕ್ಕಿಕೊಳ್ಳುತ್ತದೆ ಎಂಬ ಅಷ್ಟು ಸಣ್ಣ ಸಂಗತಿ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ. ಸಂಜೆಯ ಹೊತ್ತಿಗೆ ಆ ಬೆಕ್ಕು ನಡುಗಿತು, ಬಾಯಲ್ಲಿ ನೊರೆ ಬಂತು, ನನ್ನ ಮುಂದೆಯೇ ಸತ್ತಿತು. ಬೆಕ್ಕಿಗೆ ಹಾವು ಮುಟ್ಟಿರಬೇಕೆಂದು ಮೇಷ್ಟ್ರಿಗೆ ಹೇಳಿದೆ. ಜೀವನದಲ್ಲಿ ನೂರಾರು ಸುಳ್ಳು ಹೇಳಿ ನಕ್ಕಿದ್ದೇನೆ. ಆ ಒಂದಕ್ಕೆ ನಗು ಬಂದಿಲ್ಲ.

ಬುಟ್ಟಿಯ ಸೀರೆ ಬಿಚ್ಚಿದೆ. ಬೂದಿ ಬಣ್ಣದ ಬಡಕಲು ತಾಯಿ. ಕಿವಿಯ ಹಿಂದೆ ಚಿಗಟಗಳು ಸಂತೆಯಲ್ಲಿ ಓಡಾಡಿದಂತೆ ಓಡಾಡುತ್ತಿದ್ದವು.

"ಸೂಜಿನೂ ಇಲ್ಲ, ಪುಡಿನೂ ಇಲ್ಲ," ಎಂದೆ. "ಹದಿನೈದು ದಿನ ಕೊಡು. ಆಮ್ಯಾಲೆ ನಿಮ್ಮ ಮನ್ಯಾಗ ಒಂದ ಒಂದು ಚಿಗಟ ಸಿಕ್ಕರ ಈ ಮೀಸಿ ಬೋಳಿಸ್ಕೊಂತೀನಿ."

ಮುದುಕಿ ಮೀಸೆ ನೋಡಿದಳು, ಬೆಕ್ಕು ನೋಡಿದಳು. ಯಾವುದರ ಮೇಲೂ ಅವಳಿಗೆ ಅಷ್ಟೇನೂ ಭರವಸೆ ಇದ್ದಂತೆ ಕಾಣಲಿಲ್ಲ. ಆದರೂ ಬುಟ್ಟಿ ಎತ್ತಿಕೊಂಡಳು.

ಅವರದು ಮಣ್ಣಿನ ಮಾಳಿಗೆ ಮನೆ. ಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಮೇಲೆ ಪಡಸಾಲೆ. ಪಡಸಾಲೆಯ ಎಡಕ್ಕೆ ಮಗ್ಗ. ಮಗ್ಗದ ಕೆಳಗೆ ಮೊಣಕಾಲುದ್ದದ ಗುಂಡಿ. ಅದರೊಳಗೆ ಕಾಲು ಇಳಿಬಿಟ್ಟು, ಮೆಟ್ಟು ಎಂಬ ಕಾಲುಹಲಗೆ ತುಳಿಯುತ್ತ ಯಜಮಾನ ನೇಯುತ್ತಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು, ನನಗಿಂತ ಹತ್ತು ಪಟ್ಟು ಹಟಮಾರಿ.

"ಬಂದೇನಲೇ ಕಂಪೌಂಡ್ರಾ? ನಲವತ್ತು ವರ್ಷ ಆತು ಇಲ್ಲೇ ಕುಂತೀನಿ. ನನಗ ಒಂದು ಚಿಗಟಾನೂ ಕಡಿದಿಲ್ಲ. ಎಲ್ಲಾ ಆ ಬೆಕ್ಕಿನ ಮೈಮ್ಯಾಲೆ ಅದಾವು."

"ನಿನ್ನ ರಗತ ಕುಡಿದ ಚಿಗಟ ಮರುದಿನ ಹೇಳಾಕ ಉಳೀಬೇಕಲ್ಲ ಮಾವ!"

ಅವನು ನಗಲಿಲ್ಲ. ಲಾಳಿಯನ್ನು ಈ ಕಡೆಯಿಂದ ಆ ಕಡೆಗೆ ಎಸೆದ.

ಕೆಲಸ ಶುರುವಾಯಿತು. ಕೊಟ್ಟೂರಿನ ಸಂತೆಯಿಂದ ಹೇನು ಬಾಚುವ ಸೀರಣಿಗೆ ತಂದೆ, ಕಟ್ಟಿಗೆಯದು, ಹಲ್ಲು ಒತ್ತಾಗಿದ್ದದ್ದು. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಬಟ್ಟೆ ಸೋಪು ಕದಡಿದ ನೀರು. ಮುದುಕಿ ಬೆಕ್ಕನ್ನು ಮಡಿಲಲ್ಲಿ ಹಿಡಿದಳು. ನಾನು ಕುತ್ತಿಗೆಯಿಂದ ಬಾಲದ ಕಡೆಗೆ ಬಾಚಿ ಪ್ರತಿ ಸಲವೂ ಸೀರಣಿಗೆಯನ್ನು ನೀರಿಗೆ ಅದ್ದಿದೆ. ಬರೀ ನೀರಿನ ಮೇಲೆ ಚಿಗಟ ತೇಲಿ ಮತ್ತೆ ಹಾರುತ್ತದೆ, ಸೋಪಿನ ನೀರಿನಲ್ಲಿ ಮುಳುಗುತ್ತದೆ. ಇದನ್ನು ನಾನೇ ಎರಡು ತಟ್ಟೆ ಇಟ್ಟು ನೋಡಿದೆ. ಒಂದು ತಟ್ಟೆಯಿಂದ ಹಾರಿದ್ದು ನೇರ ನನ್ನ ಮೀಸೆಗೇ ಬಂದು ಕೂತಿತು. ಮರಿಗಳಿಗೆ ನೀರು ಸೋಕಿಸಲಿಲ್ಲ. ಅಷ್ಟು ಎಳೆಯವು ತೊಯ್ದರೆ ಚಳಿಗೇ ಸಾಯುತ್ತವೆ. ಅವನ್ನು ಬರೀ ಬಾಚಿದೆ, ದಿನಾ ಬಾಚಿದೆ. ಬಾಗಿಲಲ್ಲಿ ಮಲಗುವ ಕುರಿನಾಯಿಗೂ ಅದೇ ಉಪಚಾರ. ಅದು ಎರಡು ಸಲ ನನ್ನ ಕೈ ಹಿಡಿಯಿತು. ಪ್ರೀತಿಯಿಂದ ಅಲ್ಲ.

ನೋಡಲು ಬಂದವರ ಬಾಯಿಗೆ ಬೀಗ ಇರಲಿಲ್ಲ. ಸೀಮೆಎಣ್ಣೆ ಒರೆಸು ಎಂದನೊಬ್ಬ. ಹೊಗೆಸೊಪ್ಪಿನ ನೀರು ಹಚ್ಚು ಎಂದಳು ಪಕ್ಕದ ಮನೆಯ ಮುದುಕಿ.

"ನೀ ಮೊದ್ಲು ಒಂದು ಲೋಟ ಹೊಗೆಸೊಪ್ಪಿನ ನೀರು ಕುಡಿಯಬೇ. ನೀ ಉಳಿದ್ರ ಬೆಕ್ಕಿಗೆ ಹಚ್ಚೋಣು," ಎಂದೆ.

ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆಗೇ ಹೋಗುತ್ತದೆ. ಮೇಷ್ಟ್ರ ಬೆಕ್ಕು ಕಲಿಸಿದ ಈ ಒಂದು ಸೂತ್ರವನ್ನು ಮಾತ್ರ ನಾನು ಬಿಡಲಿಲ್ಲ.

ಮನೆಯಲ್ಲಿದ್ದ ಕಂಬಳಿ, ಕೌದಿ, ಉಣ್ಣೆಯ ಮೂಟೆ ಎಲ್ಲವನ್ನೂ ಊರ ಹಿಂದಿನ ಕರಿಬಂಡೆಗೆ ಹೊರಿಸಿದೆ. ನಮ್ಮ ಕಡೆ ಬೇಸಿಗೆಯ ಬಂಡೆ ಎಂದರೆ ಗೊತ್ತಲ್ಲ, ಮಧ್ಯಾಹ್ನ ಬರಿಗಾಲಿಟ್ಟರೆ ಯಾರಾದರೂ ಕುಣಿಯುತ್ತಾರೆ. ಕಂಬಳಿ ಕುದಿಸಿದರೆ ಮುದುರಿಕೊಂಡು ಹಾಳಾಗುತ್ತದೆ. ಬಂಡೆಯ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ಹಾಸಿ, ನಡುವೆ ಎರಡು ಸಲ ಮಗುಚಿ, ಕೊಡವಿದರೆ ಸಾಕು. ಮನೆಯ ನೆಲ ಗುಡಿಸಿ ಸಗಣಿ ಸಾರಿಸಿದ್ದಾಯಿತು. ದನದ ಜಾಗದ ಒಣಕಸವನ್ನೆಲ್ಲ ಹೊರಗೆ ಹಾಕಿ ಸುಟ್ಟಿದ್ದಾಯಿತು. ಮನೆಯವರು ಅಷ್ಟೂ ದಿನ ಮಾಳಿಗೆಯ ಮೇಲೆ ಮಲಗಿದರು.

ಹನ್ನೆರಡನೆಯ ದಿನ ಬೆಕ್ಕನ್ನು ಬಾಚಿದಾಗ ತಟ್ಟೆಯಲ್ಲಿ ಒಂದೇ ಒಂದು. ನಾನು ಗೆದ್ದೆ ಎಂದುಕೊಂಡೆ. ಮೂರು ದಿನ ಮುಂಚಿತವಾಗಿ ತಂಬ್ರಹಳ್ಳಿಗೆ ಹೇಳಿಕಳಿಸಿದೆ. ಬೀಗರು ಬಂದು ನೋಡಬಹುದು ಎಂದು.

ಬೀಗರು ಬಂದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಅಚ್ಚ ಬಿಳಿ ಧೋತರ, ಕೈಯಲ್ಲಿ ಛತ್ರಿ. ಹಿಂದೆ ಸೊಸೆ, ಅವಳ ಹೆಗಲ ಮೇಲೆ ಕೂಸು. ಗಂದೆಯೆಲ್ಲ ಇಳಿದು ಕೂಸು ಗುಂಡುಗುಂಡಾಗಿತ್ತು. ಬೀಗರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ದನದ ಕಂಪೌಂಡರಿಗೆ ಮನುಷ್ಯಾರ ಮನಿ ಉಸಾಬರಿ ಯಾಕ್ರಿ?"

"ದನ ನೋಡಿ ನೋಡಿ ಮನುಷ್ಯಾರ ಗುರ್ತ ಸಿಗಾಕ್ಹತ್ತೈತ್ರಿ," ಎಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಗಂಜಿ ಧೋತರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಯಜಮಾನ ಎಲೆ ಅಡಿಕೆ ತರಲು ಎದ್ದಿದ್ದ. "ಬೀಗರ, ನೇಯೋದು ಹೆಣ್ಮಕ್ಕಳಾಟ ಅಂತ ನೀವು ಅಂದಿದ್ರಂತ. ಒಂದು ನಾಕು ಎಳಿ ಹಾಕಿ ತೋರಿಸ್ರಿ, ಕಣ್ತುಂಬ ನೋಡೋಣು," ಎಂದೆ. ಅವರು ಹಾಗೆ ಅಂದಿರಲೇ ಇಲ್ಲ. ಆದರೆ ಮಗಳ ಮುಂದೆ, ಬೀಗತಿಯ ಮುಂದೆ ಹಿಂದೆ ಸರಿಯುವ ಗಂಡಸೂ ಅಲ್ಲ. ಧೋತರ ಎತ್ತಿ ಕಟ್ಟದೆ ಹಾಗೆಯೇ ಗುಂಡಿಗೆ ಕಾಲು ಇಳಿಬಿಟ್ಟು ಕೂತರು. ಒಂದು ಮೆಟ್ಟು ತುಳಿದರೆ ಇನ್ನೊಂದು ಏಳಲಿಲ್ಲ. ಲಾಳಿ ಎಸೆದರೆ ನೆಲಕ್ಕೆ ಬಿತ್ತು. ನಾನು ಕಂಬಕ್ಕೆ ಒರಗಿ ನಕ್ಕಿದ್ದೇ ನಕ್ಕಿದ್ದು. ಸೊಸೆಯೂ ಸೆರಗು ಬಾಯಿಗಿಟ್ಟುಕೊಂಡಳು.

ಬೀಗರು ಎದ್ದು ನಿಂತರು. ನನ್ನ ನಗು ಅಲ್ಲೇ ನಿಂತಿತು.

ಅಚ್ಚ ಬಿಳಿ ಧೋತರದ ಮೇಲೆ ಪಾದದಿಂದ ಮೊಣಕಾಲಿನವರೆಗೆ ಎಳ್ಳು ಚೆಲ್ಲಿದಂತೆ ಕಪ್ಪು. ಎಳ್ಳು ಮೇಲಕ್ಕೆ ಹತ್ತುತ್ತಿತ್ತು.

ಸೊಸೆ ಕೂಸನ್ನು ಎದೆಗೆ ಒತ್ತಿಕೊಂಡು ಹೊಸ್ತಿಲು ದಾಟಿ ಅಂಗಳಕ್ಕೆ ಹೋದಳು. ಬೀಗರು ಛತ್ರಿ ತೆಗೆದುಕೊಂಡರು. ಬಾಗಿಲಲ್ಲಿ ನಿಂತು ನನ್ನ ಮೀಸೆಯನ್ನೇ ನೋಡುತ್ತ, "ಮಾತು ಕೊಟ್ಟಿದ್ರಂತಲ್ರಿ?" ಎಂದರು.

ಆ ದಿನವೇ ಬೋಳಿಸಿದೆ. ಕ್ಷೌರದವನು ಮೂರು ಸಲ ಕೇಳಿದ. ಮನೆಗೆ ಹೋದಾಗ ನನ್ನ ಹೆಂಡತಿ "ಯಾರು ಬೇಕಿತ್ರಿ?" ಎಂದಳು.

ಮರುದಿನ ಅವರ ಮನೆಗೆ ಹೋದರೆ ಯಜಮಾನ ಪುಡಿಯ ಡಬ್ಬಿಯ ಮುಚ್ಚಳ ಮೀಟುತ್ತಿದ್ದ.

"ನಡೀಲೇ. ನಿನ್ನ ಆಟ ಮುಗೀತು. ಮಮ್ಮಗ ಹೆಚ್ಚೋ ಬೆಕ್ಕು ಹೆಚ್ಚೋ?"

ಮುದುಕಿ ಅಡ್ಡ ಬಂದಳು. "ಅವಾ ಮೀಸಿ ಕೊಟ್ಟಾನ. ನೀ ಒಂದು ವಾರ ಕೊಡು. ಆ ಪುಡಿ ಉಗ್ಗಿದ ನೆಲದ ಮ್ಯಾಲೆ ಕೂಸು ಅಂಬೆಗಾಲು ಇಡಬೇಕೇನು? ಕೈ ಬಾಯಾಗ ಇಟ್ಕಂಡ್ರ?"

ಬೆಕ್ಕಿಗೆ ನಾನು ಹಾಕಿದ್ದ ಲೆಕ್ಕವನ್ನು ಅವಳು ಕೂಸಿಗೆ ಹಾಕಿದ್ದಳು. ನನಗೆ ಅದು ಹೊಳೆದೇ ಇರಲಿಲ್ಲ. ಯಜಮಾನ ಮುಚ್ಚಳ ಒತ್ತಿದ. ಆದರೆ ಡಬ್ಬಿ ಕೈಯಿಂದ ಬಿಡಲಿಲ್ಲ.

ಈಗ ನನಗೆ ಅವಮಾನಕ್ಕಿಂತ ಕುತೂಹಲ ದೊಡ್ಡದಾಯಿತು. ಬೆಕ್ಕಿನ ಮೈಯಲ್ಲಿ ಒಂದೇ ಇದ್ದದ್ದು ನಿಜ. ಕಂಬಳಿ ಬೆಂದದ್ದು ನಿಜ. ಹಾಗಾದರೆ ಅಷ್ಟೊಂದು ಎಲ್ಲಿಂದ? ಅಲ್ಲದೆ ಊರಿನಲ್ಲಿ ಇಪ್ಪತ್ತು ಮನೆಗಳಲ್ಲಿ ಬೆಕ್ಕಿದೆ, ಇದೊಂದೇ ಮನೆಯಲ್ಲಿ ಯಾಕೆ? ಧೋತರ ಹೇಳಿತ್ತು. ಕಪ್ಪು ಇದ್ದದ್ದು ಮೊಣಕಾಲಿನವರೆಗೆ ಮಾತ್ರ, ಗುಂಡಿಯ ಆಳವೂ ಅಷ್ಟೇ.

ಗುಂಡಿಯ ಮೂಲೆಗೆ ಕೈ ಹಾಕಿದೆ. ಬೆರಳಿಗೆ ಮೆತ್ತಗೆ ಸಿಕ್ಕಿತು. ಉಣ್ಣೆಯ ಜುಂಗು, ಧೂಳು, ಬೆಕ್ಕಿನ ಕೂದಲು, ಎಲ್ಲ ಸೇರಿ ಒದ್ದೆ ಒದ್ದೆ ಹಾಸಿಗೆ. ಅದೇ ಬೆಕ್ಕು ಮಲಗುವ ಜಾಗ, ಮರಿ ಹಾಕಿದ ಜಾಗವೂ ಅದೇ. ಹೊರಗೆ ಬಿಸಿಲಿಗೆ ನೆಲ ಬಿರಿಯುತ್ತಿದ್ದರೆ ಇಲ್ಲಿ ತಂಪು. ಯಾಕೆಂದರೆ ಒಣಗಿದರೆ ಎಳೆ ಹರಿಯುತ್ತದೆಂದು ಯಜಮಾನ ದಿನಾ ಗುಂಡಿಗೆ ನೀರು ಚಿಮುಕಿಸುತ್ತಿದ್ದ. ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ಮಡಕೆಯೂ ಪಕ್ಕದಲ್ಲೇ. ಚಿಗಟಕ್ಕೆ ಇದಕ್ಕಿಂತ ಒಳ್ಳೆಯ ಛತ್ರ ಯಾರು ಕಟ್ಟಿಸುತ್ತಾರೆ?

ಒಂದು ಹಿಡಿ ಜುಂಗು ಪೊಟ್ಟಣ ಕಟ್ಟಿಕೊಂಡು ದವಾಖಾನೆಗೆ ಬಂದೆ. ಅದು ಡಾಕ್ಟರು ಬರುವ ದಿನ. ಸಗಣಿ ಪರೀಕ್ಷೆಗೆಂದು ಕೊಟ್ಟಿದ್ದ ಸೂಕ್ಷ್ಮದರ್ಶಕ ನಮ್ಮಲ್ಲಿತ್ತು. ಅವರು ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನಗೆ ಜಾಗ ಬಿಟ್ಟರು. ಕೂದಲಿದ್ದ ಬಿಳಿ ಹುಳುಗಳು, ಕಾಲಿಲ್ಲ, ಕಣ್ಣಿಲ್ಲ, ಸುಮ್ಮನೆ ನುಲಿಯುತ್ತಿದ್ದವು.

"ಚಿಗಟದ ಮರಿಗಳಿವು," ಎಂದರು ಡಾಕ್ಟರು. "ಮೊಟ್ಟೆ ಬೆಕ್ಕಿನ ಮೈಯಿಂದ ಉದುರಿ ಇಲ್ಲಿ ಬೀಳುತ್ತೆ. ಹುಳ ಆಗಿ, ಗೂಡು ಕಟ್ಟಿಕೊಂಡು ಕಾಯುತ್ತೆ. ಮೇಲೆ ಯಾರಾದರೂ ಕಾಲಿಟ್ಟು ಅಲುಗಿಸಿದರೆ ಹೊರಗೆ ಬರುತ್ತೆ. ನೀನು ಬಾಚಿದ್ದು ನೆರಳನ್ನಪ್ಪ. ಮರ ಇಲ್ಲಿದೆ."

ಬೀಗರು ಮೆಟ್ಟು ತುಳಿದದ್ದು ನೆನಪಾಯಿತು. ನಾನೇ ಗಂಟೆ ಬಾರಿಸಿ ಅವನ್ನೆಲ್ಲ ಎಬ್ಬಿಸಿದ್ದೆ!

ಯಜಮಾನನಿಗೆ ಹೇಗೆ ಕಡಿದಿಲ್ಲ ಎಂದು ಕೇಳಿದೆ. ಕಡಿದಿರುತ್ತದೆ, ಮೈ ರೂಢಿಯಾಗಿ ಗಂದೆ ಏಳುವುದಿಲ್ಲ ಅಷ್ಟೆ ಎಂದರು. ಸಂಜೆ ಹೋಗಿ ಅವನ ಮೊಣಕಾಲ ಕೆಳಗೆ ಬೆಳಕು ಹಿಡಿದು ನೋಡಿದೆ. ಸೂಜಿಮೊನೆಯಂಥ ಚುಕ್ಕೆಗಳು, ಲೆಕ್ಕವಿಲ್ಲದಷ್ಟು. ಅವನೂ ಬಗ್ಗಿ ನೋಡಿದ.

"ಇದು ವಯಸ್ಸಿಂದು," ಎಂದ.

ಒದ್ದೆ ಬಿಳಿ ಬಟ್ಟೆಯ ಮೇಲೆ ಗುಂಡಿಯ ಜುಂಗಿನಲ್ಲಿದ್ದ ಕರಿಪುಡಿ ಒಂದು ಚಿಟಿಕೆ ಉದುರಿಸಿದೆ. ಇಬ್ಬರೂ ನೋಡುತ್ತ ಕೂತೆವು. ಕರಿಯ ಕಣದ ಸುತ್ತ ಮೆಲ್ಲಗೆ ಕೆಂಪು ಹರಡಿತು.

"ಏನಿದು?"

"ಚಿಗಟದ ಹೇಲು. ಕುಡಿದ ರಗತ ಹಂಗಾ ಹೊರಗ ಬರತೈತಿ. ಆ ಮರಿಗಳಿಗೆ ಇದಾ ಊಟ. ಅರ್ಧ ಬೆಕ್ಕಿಂದು, ಅರ್ಧ ನಿಂದು ಮಾವ."

ಅವನು ಬಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆದರೆ ಗುಂಡಿ ಗುಡಿಸುವ ಮಾತೆತ್ತಿದ ಕೂಡಲೇ ಎದ್ದು ನಿಂತ.

"ಹಾಸು ಮಗ್ಗದ ಮ್ಯಾಲೆ ಇರೋತನಕ ಗುಂಡಿಗೆ ಕಸಬರಿಗಿ ಮುಟ್ಟಿಸಬಾರದು. ನಮ್ಮವ್ವ ಹೇಳಿದ್ದು. ಲಕ್ಷ್ಮಿ ಬಿಟ್ಟು ಹೋಗ್ತಾಳ."

"ಹಂಗಾರ ಈ ಕಂಬಳಿ ಮುಗಿದ ಮ್ಯಾಲೆ ಗುಡಿಸೋಣು."

"ಮುಗಿಯೋದು ಅಂದ್ರೇನು? ಹಳೇ ಹಾಸಿನ ತುದಿಗೆ ಹೊಸಾ ಹಾಸಿನ ಎಳಿ ಗಂಟು ಹಾಕ್ತೀವಿ. ಮಗ್ಗ ಬರಿದು ಇಡಂಗಿಲ್ಲ."

ಅಂದರೆ ಉದ್ದಕ್ಕೆ ಬಿಗಿದ ಹಾಸಿನ ನೂಲಿಗೆ ಗಂಟಿನ ಮೇಲೆ ಗಂಟು ಹಾಕುತ್ತ ಹಾಕುತ್ತ ಆ ಮಗ್ಗ ಬರಿದಾಗಿಯೇ ಇರಲಿಲ್ಲ. ಅವನ ತಾಯಿ ಸತ್ತಾಗಿನಿಂದ ಆ ಗುಂಡಿ ಕಸಬರಿಗೆ ಕಂಡಿರಲಿಲ್ಲ. ಮನೆಯ ಉಳಿದ ನೆಲವನ್ನು ದಿನಕ್ಕೆರಡು ಸಲ ಗುಡಿಸುವ ಮುದುಕಿ ಗುಂಡಿಯ ಅಂಚಿನವರೆಗೆ ಬಂದು ಕಸಬರಿಗೆ ತಿರುಗಿಸುತ್ತಿದ್ದಳು. ನಾನೂ ಹನ್ನೆರಡು ದಿನ ಅದನ್ನು ನೋಡಿದ್ದೆ, ಏನೂ ಅನ್ನಿಸಿರಲಿಲ್ಲ.

ಹಾಸು ಕತ್ತರಿಸು ಎಂದೆ. ಆಗದು ಎಂದ. ನಾನು ರೇಗಿಸಿದೆ, ಬೈದೆ, ಕಾಲು ಹಿಡಿಯುವ ನಾಟಕ ಮಾಡಿದೆ. ಮೀಸೆ ಇಲ್ಲದ ಮುಖದ ನಾಟಕಕ್ಕೆ ಬೆಲೆ ಇರಲಿಲ್ಲ. ಪುಡಿಯ ಡಬ್ಬಿ ಅವನ ಪಕ್ಕದಲ್ಲೇ ಇತ್ತು.

ಮುದುಕಿ ಒಲೆಯ ಮುಂದಿನಿಂದಲೇ ಕೇಳಿದಳು. "ನಿಮ್ಮವ್ವ ಕಸಬರಿಗಿ ಅಂದಿದ್ಲು. ಕೈ ಅಂದಿದ್ಲೇನು?"

"ಏನಂತಿ?"

"ಕಸಬರಿಗಿ ಮುಟ್ಟಿಸಬ್ಯಾಡ. ಕೈಲೆ ಬಳಿ. ತಾಯಿ ಇದ್ದಿದ್ರ ಮಮ್ಮಗನ ಕಾಲು ನೋಡಿ ಅಕಿನಾ ಮೊದ್ಲು ಇಳೀತಿದ್ಲು."

ಯಜಮಾನ ಮಗ್ಗ ನೋಡಿದ, ಅರ್ಧ ನೇಯ್ದ ಕಂಬಳಿ ನೋಡಿದ. ನಾನು ಒಂದು ಮಾತೂ ಆಡಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಕೊನೆಗೆ ಅವನು ಡಬ್ಬಿಯನ್ನು ಕಾಲಿಂದ ಆಚೆ ತಳ್ಳಿದ. ಗುಂಡಿಗೆ ಕೈ ಮುಗಿದ. ಹಾಸನ್ನು ಮೇಲೆತ್ತಿ ಕಟ್ಟಿ, ತಾನೇ ಇಳಿದು, ಎರಡೂ ಅಂಗೈಯಿಂದ ಬಳಿಯತೊಡಗಿದ.

ಐದು ಬುಟ್ಟಿ ಜುಂಗು ಹೊರಬಿತ್ತು. ಅಂಗಳದಾಚೆ ಬೆಂಕಿಗೆ ಹಾಕಿದೆವು. ಕಳೆ ತೆಗೆಯುವ ಕುರ್ಚಿಗೆಯಿಂದ ಎರಡು ಬೆರಳಿನಷ್ಟು ಮಣ್ಣು ಹೆರೆದು ಅದನ್ನೂ ಸುಟ್ಟೆವು. ಗಂಜಿ ಕಾಯಿಸುವ ಹಂಡೆಯಲ್ಲಿ ನೀರು ಕುದಿಸಿ ಮೂಲೆ ಮೂಲೆಗೆ ಹೊಯ್ದೆವು. ಆಮೇಲೆ ಕೆಮ್ಮಣ್ಣು, ಸಗಣಿ ಕಲಸಿ ಬಿರುಕೆಲ್ಲ ಮುಚ್ಚಿ ಸಾರಿಸಿದ್ದು ಮುದುಕಿ. ಬೆಕ್ಕು, ಮರಿಗಳಿಗೆ ಗೋಡೆಯ ಗೂಡಿನಲ್ಲಿ ಗೋಣಿತಟ್ಟಿನ ಹಾಸಿಗೆ ಮಾಡಿದೆ. ನಾಲ್ಕು ದಿನಕ್ಕೊಮ್ಮೆ ಅದನ್ನು ಕುದಿಯುವ ನೀರಿಗೆ ಹಾಕುವುದು. ಮೊಟ್ಟೆ ಉದುರಿದರೆ ಅಲ್ಲೇ ಉದುರಲಿ ಎಂದು.

ಈ ಸಲ ಗೆದ್ದೆ ಎನ್ನಲಿಲ್ಲ. ಕಣ್ತಪ್ಪಿ ಉಳಿದ ಚಿಗಟದ ಗೂಡುಗಳು ಒಡೆಯಬೇಕಿತ್ತು. ದಿನಾ ಯಜಮಾನ ಕೂತು ಮೆಟ್ಟು ತುಳಿಯುವುದು, ಅವನು ಊಟಕ್ಕೆದ್ದಾಗ ಮಬ್ಬುಗತ್ತಲಿನ ಗುಂಡಿಯಲ್ಲಿ ಸೋಪುನೀರಿನ ತಟ್ಟೆ ಇಟ್ಟು ನಡುವೆ ಬುಡ್ಡಿದೀಪ ಹಚ್ಚುವುದು. ಬೆಳಕಿಗೆ ಹಾರಿ ಬಿದ್ದವನ್ನು ಎಣಿಸುವುದು ನನ್ನ ಕೆಲಸ. ಮೊದಲ ದಿನ ಮೂವತ್ತಕ್ಕೂ ಮೇಲೆ. ವಾರಕ್ಕೆ ಐದಾರು. ಆಮೇಲೆ ನಾಲ್ಕು ದಿನ ಏನಿಲ್ಲ. ಐದನೆಯ ದಿನ ಒಂಬತ್ತು! ಯಜಮಾನ ಡಬ್ಬಿಯ ಕಡೆ ನೋಡಿದ. ನಾನು ತಟ್ಟೆಯ ನೀರು ಬದಲಿಸಿದೆ. ಬಾಚುವುದನ್ನು ನಿಲ್ಲಿಸಲಿಲ್ಲ. ಅದಾದ ಮೇಲೆ ಹತ್ತು ದಿನ ತಟ್ಟೆ ಬರಿದು. ಇನ್ನೂ ಹತ್ತು ದಿನ ಕಾದೆ. ಹೇಳಿಕಳಿಸಿದ್ದು ಮುದುಕಿ, ನಾನಲ್ಲ.

ಬೀಗರು ಬರಲಿಲ್ಲ. ಸೊಸೆ ಒಬ್ಬಳೇ ಕೂಸಿನೊಂದಿಗೆ ಬಸ್ಸಿಳಿದಳು. ಗಂಟು ಬಿಚ್ಚಲಿಲ್ಲ. ಮೂರು ದಿನ ನೋಡುತ್ತೇನೆ, ಆಮೇಲೆ ಇರುವುದೋ ಹೋಗುವುದೋ ಎಂದಳಂತೆ. ದಿನಾ ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಕೂಸನ್ನು ಬರಿಮೈಯಲ್ಲಿ ಮಲಗಿಸಿ ಬೆರಳ ಸಂದಿ ಬಿಡದೆ ನೋಡುತ್ತಿದ್ದಳು. ನಾನು ಮೂರೂ ದಿನ ಆ ಹೊತ್ತಿಗೇ ಅವರ ಎಮ್ಮೆಯ ಆರೋಗ್ಯ ವಿಚಾರಿಸಲು ಹೋದೆ. ಎಮ್ಮೆ ಕಲ್ಲುಗುಂಡಿನಂತಿತ್ತು.

ಮೂರನೆಯ ಬೆಳಿಗ್ಗೆ ಅವಳ ಕೈ ಕೂಸಿನ ಕೆನ್ನೆಯ ಮೇಲೆ ನಿಂತಿತು. ಒಂದು ಕೆಂಪು ಗುಳ್ಳೆ.

ಮುದುಕಿ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು. ಮಗ್ಗದ ಸದ್ದು ನಿಂತಿತು. ನಾನು ಬಗ್ಗಿ ನೋಡಲು ಹೋದೆ. ಸೊಸೆ ನನ್ನನ್ನು ಕೈಯಿಂದಲೇ ತಡೆದಳು. ಕೂಸನ್ನು ಮಗುಚಿದಳು. ಕಾಲು ನೋಡಿದಳು, ತೊಡೆ ನೋಡಿದಳು, ಬೆನ್ನು ನೋಡಿದಳು. ಚಿಗಟ ಒಂದೇ ಕಡೆ ಒಂದೇ ಸಲ ಕಡಿದು ಹೋಗುವ ಪ್ರಾಣಿಯಲ್ಲ. ಕಾಲಿನಿಂದ ಸಾಲಾಗಿ ಕಡಿಯುತ್ತ ಬರುತ್ತದೆ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಅವಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಎಂಟು ದಿನ ಆ ಸಾಲುಗಳನ್ನು ಎಣಿಸಿದವಳು ಅವಳೇ.

ಕೂಸಿಗೆ ಅಂಗಿ ಹಾಕಿದಳು. ಎತ್ತಿ ಹೆಗಲಿಗೆ ಹಾಕಿಕೊಂಡು ಮೀಸೆ ಬೆಳೆಯಗೊಡದೆ ಇಟ್ಟಿದ್ದ ನನ್ನ ಬೋಳು ಮುಖ ನೋಡಿದಳು.

"ಇದು ಸೊಳ್ಳಿರಿ ಕಂಪೌಂಡರ. ಸೊಳ್ಳಿಗೆ ಏನು ಬೋಳಿಸ್ಕೊಂತೀರಿ?"

ಒಳಗೆ ಮಗ್ಗ ಮತ್ತೆ ಸದ್ದು ಮಾಡಿತು. ಸೊಸೆ ಗಂಟು ಬಿಚ್ಚಲು ಒಳಗೆ ಹೋದಳು. ನಾನು ಒಂದು ಕೈಯಿಂದ ತಲೆಗೂದಲು ಹಿಡಿದುಕೊಂಡೇ ಸೈಕಲ್ ಹತ್ತಿದೆ.